ಕಡೆಯ ಪೀರಿಯಡ್ಡಿನ ಗಾಳಿ

ಏಳನೇ ತರಗತಿಗೆ ದಿನದ ಕಡೆಯ ಪೀರಿಯಡ್ಡು ನನ್ನದು, ಗಣಿತ. ಹತ್ತೊಂಬತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಆ ಹೊತ್ತಿನ ತರಗತಿ ಹೇಗಿರುತ್ತದೆ ಎಂಬುದು ಮೇಷ್ಟರುಗಳಿಗೆಲ್ಲ ಗೊತ್ತು. ಒಬ್ಬಳು ಆಕಳಿಸುತ್ತಾಳೆ, ಅದು ಬೆಂಚಿನಿಂದ ಬೆಂಚಿಗೆ ದಾಟುತ್ತದೆ. ಬೆಳಿಗ್ಗೆ ಪಟಪಟನೆ ಉತ್ತರ ಹೇಳಿದ ಮಕ್ಕಳೇ ಏಳೆಂಟಲಿ ಎಷ್ಟು ಎಂದರೆ ಗೋಡೆ ನೋಡುತ್ತಾರೆ. ಮೂರು ವರ್ಷದ ಹಿಂದೆ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ಕೂತರೆ ಅವನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಹೆಚ್ಚುಕಡಿಮೆ ಇಡೀ ವರ್ಷ ನಾನು ಅವನನ್ನು ನಿಲ್ಲಿಸಿಯೇ ಪಾಠ ಕೇಳಿಸಿದೆ. ರಾತ್ರಿ ನಿದ್ದೆ ಮಾಡುವುದಿಲ್ಲವೇ ಎಂದು ಮೂವತ್ತೇಳು ಮಕ್ಕಳ ಮುಂದೆ ಕೇಳಿದೆ. ಮನೆಯವರನ್ನು ಕರೆಸಿ ಮಾತನಾಡಿದೆ. ಅವನು ಒಂದು ದಿನವೂ ಎದುರು ಮಾತನಾಡಲಿಲ್ಲ. ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಮುಂದಿನ ವರ್ಷ ನಮ್ಮ ವಿಜ್ಞಾನದ ಮೇಷ್ಟರು ಯಾವುದೋ ಪ್ರಯೋಗಕ್ಕೆಂದು ಇಂಗಾಲದ ಡೈಆಕ್ಸೈಡ್ ಅಳೆಯುವ ಒಂದು ಬಿಳಿ ಡಬ್ಬಿ ತಂದರು. ಅಂಗೈಯಷ್ಟು ಅಗಲ, ಮುಂದೆ ಅಂಕಿ ಮೂಡುವ ಚಿಕ್ಕ ಪರದೆ. ಪ್ರಯೋಗ ಮುಗಿದ ಮೇಲೆ ಅದು ಸಿಬ್ಬಂದಿ ಕೊಠಡಿಯ ಮೇಜಿನ ಮೇಲೆ ಸುಮ್ಮನೆ ಕೂತಿತ್ತು. ಒಂದು ದಿನ ಎತ್ತಿಕೊಂಡು ಹೋಗಿ ತರಗತಿಯ ನಡುವಿನ ಬೆಂಚಿನ ಮೇಲಿಟ್ಟೆ. ಬೆಳಿಗ್ಗೆ ಮೊದಲ ಗಂಟೆ ಹೊಡೆದಾಗ 610. ಮಧ್ಯಾಹ್ನದ ಬಿಡುವಿಗೆ ಮೊದಲು 1,900. ನನ್ನ ಪೀರಿಯಡ್ಡು ಮುಗಿಯುವ ಹೊತ್ತಿಗೆ 2,700. ಅದನ್ನೇ ಹಿಡಿದು ಹೊರಗೆ ಅಂಗಳಕ್ಕೆ ನಡೆದೆ. ನಾಲ್ಕೈದು ನಿಮಿಷದಲ್ಲಿ 430ಕ್ಕೆ ಇಳಿದು ನಿಂತಿತು.

ಈ ಅಂಕಿಗಳು ಪಿಪಿಎಂ ಲೆಕ್ಕದವು, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಎಂಬುದು. ಈಗಿನ ಕಾಲದಲ್ಲಿ ಬಯಲಿನ ಗಾಳಿಯಲ್ಲಿ ಸುಮಾರು 420 ಇರುತ್ತದೆ. ನಾವು ಹೊರಗೆ ಬಿಡುವ ಉಸಿರಿನಲ್ಲಿ ಹತ್ತಿರ ಹತ್ತಿರ 40,000. ಮರುದಿನ ಭಾಗಾಕಾರದ ಪಾಠ ಬದಿಗಿಟ್ಟು ಇದನ್ನೇ ಲೆಕ್ಕವಾಗಿ ಕೊಟ್ಟೆ. ಒಬ್ಬರ ಉಸಿರು ಗಾಳಿಗೆ ಸೇರಿಸುವುದು ಸುಮಾರು 38,000 ಎಂದುಕೊಳ್ಳಿ. ನಮ್ಮ ಕೋಣೆಯಲ್ಲಿ ಬಯಲಿಗಿಂತ ಹೆಚ್ಚಿದ್ದದ್ದು 2,280. ಹಾಗಾದರೆ ಈ ಕೋಣೆಯ ಗಾಳಿಯಲ್ಲಿ ಆಗಲೇ ಒಬ್ಬರು ಉಸಿರಾಡಿ ಬಿಟ್ಟದ್ದು ಶೇಕಡಾ ಎಷ್ಟು? ಆರು ಎಂದು ಬಂತು. ಹದಿನೇಳು ಸಲ ಉಸಿರೆಳೆದರೆ ಅದರಲ್ಲಿ ಒಂದು ಉಸಿರಿನಷ್ಟು ಗಾಳಿ ಬೇರೆ ಯಾರದೋ ಎದೆಯೊಳಗೆ ಹೋಗಿ ಬಂದದ್ದು. ಮುಂದಿನ ಬೆಂಚಿನ ಹುಡುಗಿ ಕರವಸ್ತ್ರ ತೆಗೆದು ಮೂಗಿಗೆ ಹಿಡಿದುಕೊಂಡಳು. ತರಗತಿಯಲ್ಲಿ ಒಬ್ಬರಿಗೆ ನೆಗಡಿಯಾದರೆ ವಾರದಲ್ಲಿ ಹತ್ತು ಮಂದಿಗೆ ಏಕೆ ಆಗುತ್ತದೆ ಎಂದು ನಾನು ಬೇರೆ ವಿವರಿಸಬೇಕಾಗಲಿಲ್ಲ.

ಒಂದು ವಿಷಯ ಸ್ಪಷ್ಟವಾಗಿರಲಿ. ಈ ಮಟ್ಟದ ಇಂಗಾಲದ ಡೈಆಕ್ಸೈಡ್ ವಿಷವೇನೂ ಅಲ್ಲ. ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಕೆಲಸಕ್ಕೆ ಹಲವು ದೇಶಗಳು ಇಟ್ಟುಕೊಂಡಿರುವ ಮಿತಿ 5,000. ಇಂಗಾಲದ ಡೈಆಕ್ಸೈಡನ್ನು ಸಾಕ್ಷಿಯೆಂದು ತಿಳಿಯಬೇಕು. ಅದು ಏರಿದೆ ಎಂದರೆ ಉಸಿರಿನ ಜೊತೆ ಬಂದ ಶಾಖ, ತೇವ, ವೈರಾಣು ಹೊತ್ತ ಕಣ್ಣಿಗೆ ಕಾಣದ ತುಂತುರು, ಬೆವರಿನ ಕಮಟು, ಪ್ಲೈವುಡ್ಡಿನಿಂದಲೂ ಬಿಳಿ ಹಲಗೆಯ ಮಾರ್ಕರ್‌ನಿಂದಲೂ ಹೊರಟ ರಾಸಾಯನಿಕ, ಎಲ್ಲವೂ ಒಳಗೇ ಉಳಿದಿವೆ ಎಂದರ್ಥ. ಜರ್ಮನಿಯ ಮ್ಯೂನಿಕ್‌ನಲ್ಲಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ ಎಂಬ ವಿಜ್ಞಾನಿ 1858ರಲ್ಲೇ ಇದನ್ನು ಹೇಳಿದ್ದ. ಮನುಷ್ಯರು ತುಂಬಿದ ಕೋಣೆಯ ಗಾಳಿ ಕೆಟ್ಟಿದೆಯೋ ಇಲ್ಲವೋ ತಿಳಿಯಲು ಅವನು ಇಟ್ಟುಕೊಂಡ ಗೆರೆ ಸಾವಿರಕ್ಕೆ ಒಂದು, ಅಂದರೆ ಇದೇ 1,000 ಪಿಪಿಎಂ. ಒಂದೂವರೆ ಶತಮಾನ ಕಳೆದರೂ ಬಹಳ ಕಡೆ ಆ ಗೆರೆಯನ್ನೇ ನೋಡುತ್ತಾರೆ. ನಾನು ಬಿ.ಎಡ್. ಓದುವಾಗ ಮಕ್ಕಳ ಮನಸ್ಸಿನ ಬಗ್ಗೆ ಎಷ್ಟೋ ಪುಟ ಬರೆದೆ. ಅವರು ಉಸಿರಾಡುವ ಗಾಳಿಯ ಬಗ್ಗೆ ಒಂದು ಸಾಲನ್ನೂ ಬರೆದ ನೆನಪಿಲ್ಲ.

ಒಳಗೇ ಕೂತವರಿಗೆ ಇದು ಗೊತ್ತಾಗುವುದಿಲ್ಲ ಎಂಬುದೇ ದೊಡ್ಡ ತೊಡಕು. ಮೂಗು ಕೆಲವೇ ನಿಮಿಷದಲ್ಲಿ ಒಗ್ಗಿಕೊಳ್ಳುತ್ತದೆ. ನಮ್ಮ ಜವಾನರು ಸುತ್ತೋಲೆ ಹಿಡಿದು ಒಳಗೆ ಕಾಲಿಡುವಾಗಲೆಲ್ಲ ಒಂದು ಕ್ಷಣ ಮುಖ ಕಿವುಚುತ್ತಿದ್ದರು. ಅದನ್ನು ವರ್ಷಗಟ್ಟಲೆ ನೋಡಿದ್ದೇನೆ, ಕಾರಣ ಕೇಳಿರಲಿಲ್ಲ.

ನಮ್ಮ ಕೋಣೆ ಎಂಟು ಮೀಟರ್ ಉದ್ದ, ಆರು ಮೀಟರ್ ಅಗಲ, ಮೂರು ಮೀಟರ್ ಎತ್ತರ. ಅಂದರೆ 1,44,000 ಲೀಟರ್ ಗಾಳಿ. ಸುಮ್ಮನೆ ಕೂತ ಆ ವಯಸ್ಸಿನ ಮಗು ಗಂಟೆಗೆ ಹದಿಮೂರು ಹದಿನಾಲ್ಕು ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತದೆ. ಮೂವತ್ತೆಂಟು ಮಕ್ಕಳು ಸೇರಿದರೆ ಸುಮಾರು 500 ಲೀಟರ್. ಕಿಟಕಿ ಬಾಗಿಲು ಭದ್ರವಾಗಿ ಮುಚ್ಚಿದರೆ ನಲವತ್ತು ನಿಮಿಷದ ಒಂದೇ ಪೀರಿಯಡ್ಡಿನಲ್ಲಿ 2,300 ಪಿಪಿಎಂ ಏರುತ್ತದೆ. ಮಕ್ಕಳೇ ಹಲಗೆಯ ಮೇಲೆ ಮಾಡಿದ ಲೆಕ್ಕವಿದು. ಸಂದು ಗೊಂದುಗಳಿಂದ ಒಂದಿಷ್ಟು ಗಾಳಿ ಬರುವುದರಿಂದ ನಿಜಕ್ಕೂ ಅಷ್ಟು ಬೇಗ ಏರುವುದಿಲ್ಲ, ಆದರೆ ಏರುವ ದಾರಿ ಇದೇ.

ಮೊದಲು ಫ್ಯಾನು ಹಾಕಿದೆವು. ನಾಲ್ಕೂ ಫ್ಯಾನು ಜೋರಾಗಿ ತಿರುಗಿದವು, ಹಾಳೆಗಳು ಹಾರಿದವು, ಅಂಕಿ ಮಾತ್ರ ಏರುತ್ತಲೇ ಹೋಯಿತು. ಫ್ಯಾನು ಇದ್ದ ಗಾಳಿಯನ್ನೇ ಕಡೆಯುತ್ತದೆ. ಕಂಪ್ಯೂಟರ್ ಕೊಠಡಿಯ ಎ.ಸಿ. ಕೂಡ ಒಳಗಿನ ಗಾಳಿಯನ್ನೇ ಎಳೆದು ತಣ್ಣಗೆ ಮಾಡಿ ಮತ್ತೆ ಒಳಗೇ ಬಿಡುತ್ತದೆ. ಹಾಯೆನಿಸುವುದರಿಂದ ಮೋಸ ಹೋಗುವುದು ಇನ್ನೂ ಸುಲಭ.

ಕಿಟಕಿ ತೆರೆದಾಗ ಸ್ವಲ್ಪ ಇಳಿಯಿತು, 1,700ಕ್ಕೆ. ನಮ್ಮ ಕಿಟಕಿಗಳೆಲ್ಲ ಒಂದೇ ಗೋಡೆಯಲ್ಲಿವೆ. ಬಂದ ಗಾಳಿಗೆ ಹೋಗಲು ಎದುರು ದಾರಿ ಬೇಕು. ಆಗ ನನ್ನ ಕಣ್ಣು ಮೊದಲ ಸಲ ಬಾಗಿಲ ಮೇಲಕ್ಕೆ ಹೋಯಿತು. ಪಡಸಾಲೆಯ ಕಡೆಯ ಗೋಡೆಯಲ್ಲಿ, ಸೂರಿನ ಹತ್ತಿರ, ಎರಡು ಗವಾಕ್ಷಿಗಳಿದ್ದವು. ಇಷ್ಟು ವರ್ಷ ಅವು ಗೋಡೆಯದೇ ಭಾಗ ಎಂದುಕೊಂಡಿದ್ದೆ, ಏಕೆಂದರೆ ಗೋಡೆಗೆ ಬಳಿದ ಬಣ್ಣವನ್ನೇ ಅವುಗಳ ಗಾಜಿಗೂ ಚೌಕಟ್ಟಿಗೂ ಬಳಿದಿದ್ದರು.

ಭಾನುವಾರ, ಮಕ್ಕಳಿಲ್ಲದಾಗ, ಜವಾನರೂ ನಾನೂ ಏಣಿ ಹಾಕಿದೆವು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದನ್ನು ಕೆರೆದರೆ ಅದರ ಪುಡಿ ತರಗತಿಯಲ್ಲೇ ಉಳಿಯುತ್ತದೆ. ಆದ್ದರಿಂದ ಚೌಕಟ್ಟಿನ ಸಂದಿಗೆ ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಚೂರಿಯಿಂದ ನಿಧಾನವಾಗಿ ಬಿಡಿಸಿದೆವು. ಒದ್ದೆ ಬಣ್ಣ ಸುರುಳಿ ಸುರುಳಿಯಾಗಿ ಎದ್ದು ಬಂತು, ಒಂದರ ಕೆಳಗೊಂದು ನಾಲ್ಕು ಬಣ್ಣ: ಬಿಳಿ, ತಿಳಿ ಹಸಿರು, ಕೆನೆ, ಮತ್ತೆ ಬಿಳಿ. ಕೊನೆಗೆ ಜವಾನರು ಅಂಗೈಯಿಂದ ಕೆಳಗಿನ ಅಂಚನ್ನು ಗುದ್ದಿದಾಗ ನಡುವಿನ ಕೀಲು ಕಿರ್ರೆಂದು ತಿರುಗಿ ಗವಾಕ್ಷಿ ಅಡ್ಡಡ್ಡ ತೆರೆದುಕೊಂಡಿತು. ಸಂದಿಯಲ್ಲಿ ಯಾರೋ ತುರುಕಿದ್ದ ಕಾಗದದ ಉಂಡೆ ಕೆಳಗೆ ಬಿತ್ತು. ಬಿಡಿಸಿ ನೋಡಿದರೆ ಯಾವುದೋ ಕಾಲದ ಪರೀಕ್ಷೆಯ ವೇಳಾಪಟ್ಟಿ.

ಸೋಮವಾರ ಒಂದು ಕೋಲಿನ ತುದಿಗೆ ತೆಳು ಕಾಗದದ ಪಟ್ಟಿ ಅಂಟಿಸಿ ಗವಾಕ್ಷಿಯ ಬಾಯಿಗೆ ಹಿಡಿದೆ. ಪಟ್ಟಿ ಒಂದು ಕ್ಷಣ ತೂಗಾಡಿ ಪಡಸಾಲೆಯ ಕಡೆಗೆ ಬಾಗಿ ಹಾಗೆಯೇ ನಿಂತಿತು. ಬಿಸಿ ಗಾಳಿ ಮೇಲೇರಿ ಹೊರಗೆ ಹೋಗುತ್ತಿತ್ತು, ಅದರ ಜಾಗಕ್ಕೆ ಎದುರು ಕಿಟಕಿಯಿಂದ ಹೊಸದು ಬರುತ್ತಿತ್ತು. ಕರೆಂಟು ಬೇಡದ, ಸದ್ದಿಲ್ಲದ ಏರ್ಪಾಡು. ಕಟ್ಟಡ ಕಟ್ಟಿದವರು ಎಲ್ಲ ಯೋಚಿಸಿಯೇ ಕೊಟ್ಟಿದ್ದರು, ಮುಚ್ಚಿದವರು ನಾವು. ಆ ದಿನ ಕಡೆಯ ಪೀರಿಯಡ್ಡಿನಲ್ಲಿ ಡಬ್ಬಿ 980 ತೋರಿಸಿತು. ಮಕ್ಕಳು ಎಲ್ಲರೂ ಚುರುಕಾದರು ಎಂದು ಹೇಳಿದರೆ ಉತ್ಪ್ರೇಕ್ಷೆಯಾಗುತ್ತದೆ. ಸಂಜೆಯ ದಣಿವು ದಣಿವೇ. ಆದರೆ ಅಂದಿನಿಂದ ಯಾರನ್ನೂ ನಿಲ್ಲಿಸುವ ಸಂದರ್ಭ ಬಂದಿಲ್ಲ. ನನ್ನ ತಲೆನೋವೂ ಕಡಿಮೆಯಾಯಿತು.

ಸಹೋದ್ಯೋಗಿಗಳ ಆಕ್ಷೇಪಗಳಲ್ಲಿ ನ್ಯಾಯವಿತ್ತು. ಪಕ್ಕದ ತರಗತಿಯ ಗದ್ದಲ ಕೇಳುತ್ತದೆ. ಚಳಿಯಲ್ಲಿ ಏನು ಮಾಡುವುದು? ರಸ್ತೆಗೆ ಮುಖ ಮಾಡಿದ ಕೋಣೆಗಳಿಗೆ ಹೊರಗಿನ ಹೊಗೆಯೇ ಬರುತ್ತದಲ್ಲ? ಚಳಿಯ ಮಾತಿಗೆ ಇತಿಹಾಸದಲ್ಲಿ ಒಂದು ಉತ್ತರವಿದೆ. ಕ್ಷಯದ ಭಯವಿದ್ದ ಕಾಲದಲ್ಲಿ, 1904ರಲ್ಲಿ, ಬರ್ಲಿನ್ ಪಕ್ಕದ ಶಾರ್ಲಟನ್‌ಬರ್ಗ್‌ನಲ್ಲಿ ಕಾಡಿನ ನಡುವೆ ಬಯಲು ಶಾಲೆ ತೆರೆದರು. 1908ರಲ್ಲಿ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಇಂಥದೇ ಒಂದು ಶುರುವಾಯಿತು. ಮಕ್ಕಳು ಕಂಬಳಿ ಹೊದ್ದು ಓದಿದರು. ನಾವು ಅಷ್ಟು ದೂರ ಹೋಗಬೇಕಿಲ್ಲ. ಚಳಿ ಇದ್ದಾಗ ಒಳಗೂ ಹೊರಗೂ ತಾಪಮಾನದ ಅಂತರ ಹೆಚ್ಚಿರುವುದರಿಂದ ಗಾಳಿ ತಾನಾಗಿಯೇ ಬೇಗ ಓಡುತ್ತದೆ, ನಾಲ್ಕು ಬೆರಳಿನಷ್ಟು ಸಂದು ಬಿಟ್ಟರೂ ಸಾಕಾಗುತ್ತದೆ. ಪೀರಿಯಡ್ಡು ಬದಲಾಗುವಾಗ ಐದು ನಿಮಿಷ ಎಲ್ಲವನ್ನೂ ಹಾರುಹೊಡೆದರೆ ಇನ್ನೂ ಒಳ್ಳೆಯದು.

ಹೊಗೆಯ ಮಾತು ಹಾಗಲ್ಲ, ಅದು ನಿಜವಾದ ತೊಂದರೆ. ಪಿಎಂ 2.5 ಎನ್ನುವ ಕಣ ತಲೆಗೂದಲಿನ ದಪ್ಪದ ಇಪ್ಪತ್ತನೇ ಒಂದು ಭಾಗಕ್ಕಿಂತಲೂ ಚಿಕ್ಕದು, ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ವಾರ್ಷಿಕ ಸರಾಸರಿಯ ಮಾರ್ಗಸೂಚಿಯನ್ನು ಘನ ಮೀಟರ್‌ಗೆ 10 ಮೈಕ್ರೋಗ್ರಾಂನಿಂದ 5ಕ್ಕೆ ಇಳಿಸಿತು. ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿ ಉಸಿರಾಡುತ್ತಾರೆ. ನಾವು ಮೊದಲು ಗೇಟಿನ ಮುಂದೆ ಎಂಜಿನ್ ಆರಿಸದೆ ಕಾಯುವ ವಾಹನಗಳವರನ್ನು ಕೇಳಿಕೊಂಡೆವು, ಬಹುಪಾಲು ಜನ ಒಪ್ಪಿದರು. ರಸ್ತೆ ಬದಿಯ ಎರಡು ಕೋಣೆಗಳಿಗೆ ಮೇಷ್ಟರೂ ಮಕ್ಕಳೂ ಸೇರಿ ಕಾರ್ಸಿ-ರೋಸೆಂಥಾಲ್ ಪೆಟ್ಟಿಗೆ ಕಟ್ಟಿದರು. 2020ರಲ್ಲಿ ಅಮೆರಿಕದ ರಿಚರ್ಡ್ ಕಾರ್ಸಿ ಮತ್ತು ಜಿಮ್ ರೋಸೆಂಥಾಲ್ ರೂಪಿಸಿದ ಸರಳ ಉಪಾಯ ಅದು: ನಾಲ್ಕು ಬದಿಗೆ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಎಂಇಆರ್‌ವಿ 13 ಎಂಬ ದರ್ಜೆಯ ನಾಲ್ಕು ಫಿಲ್ಟರ್, ತಲೆಯ ಮೇಲೆ ಒಂದು ಚೌಕ ಫ್ಯಾನು, ಅಂಚಿಗೆಲ್ಲ ಅಂಟುಪಟ್ಟಿ. ಧೂಳು, ಹೊಗೆ, ವೈರಾಣು ಹೊತ್ತ ಕಣ ಎಲ್ಲವನ್ನೂ ಹಿಡಿಯುತ್ತದೆ. ಇಂಗಾಲದ ಡೈಆಕ್ಸೈಡನ್ನು ಮಾತ್ರ ಮುಟ್ಟುವುದಿಲ್ಲ, ಅದಕ್ಕೆ ಹೊರಗಾಳಿಯೇ ಗತಿ. ಗಾಳಿ ಶುದ್ಧಿಯ ಹೆಸರಿನಲ್ಲಿ ಓಜೋನ್ ಬಿಡುವ ಯಂತ್ರಗಳನ್ನು ಯಾರಾದರೂ ಮಾರಲು ಬಂದರೆ ದಯವಿಟ್ಟು ಶಾಲೆಯೊಳಗೆ ಬಿಡಬೇಡಿ. ಓಜೋನ್ ಮಕ್ಕಳ ಶ್ವಾಸನಾಳವನ್ನೇ ಕೆರಳಿಸುತ್ತದೆ.

ಚಿಕ್ಕ ಪುಟ್ಟವು ಬಹಳ ಇವೆ. ಡಸ್ಟರನ್ನು ಕಿಟಕಿಯ ಕೆಳಗಿನ ಗೋಡೆಗೆ ಬಡಿಯುತ್ತಿದ್ದೆವು, ಪುಡಿ ನೇರ ಒಳಗೇ ಬರುತ್ತಿತ್ತು. ಈಗ ಹಲಗೆಗೆ ಒದ್ದೆ ಬಟ್ಟೆ. ಬೆಳಿಗ್ಗೆ ಮಕ್ಕಳು ಬರುವ ಹೊತ್ತಿಗೆ ಗುಡಿಸುವುದನ್ನು ಬಿಟ್ಟು ಸಂಜೆ ಒರೆಸುತ್ತಾರೆ. ಗ್ರಂಥಾಲಯದ ಗೋಡೆಯ ಬೂಷ್ಟಿಗೆ ಮೂರು ಸಲ ಬಣ್ಣ ಬಳಿದಿದ್ದಾರೆ, ಒಳಗೆ ಸೋರುವ ಪೈಪು ಹಾಗೇ ಇದೆ. ಅದು ರಿಪೇರಿಯಾಗದೆ ಬೂಷ್ಟು ಹೋಗುವುದಿಲ್ಲ.

ಡಬ್ಬಿ ಕೊಳ್ಳುವವರಿಗೆ ಒಂದು ಮಾತು: ಅವಗೆಂಪು ಕಿರಣದಿಂದ ಅಳೆಯುವ ಎನ್‌ಡಿಐಆರ್ ಸಂವೇದಕ ಅದರಲ್ಲಿದೆಯೇ ನೋಡಿ. ಕೆಲವು ಅಗ್ಗದ ಡಬ್ಬಿಗಳು ಬೇರೆ ಆವಿಗಳನ್ನು ಅಳೆದು ಅಂದಾಜು ಅಂಕಿ ತೋರಿಸುತ್ತವೆ. ಕಿಟಕಿಯಿಂದಲೂ ಮಕ್ಕಳ ಮುಖದಿಂದಲೂ ದೂರವಿಡಿ.

ಕಂಪ್ಯೂಟರ್ ಕೊಠಡಿ ಇನ್ನೂ ಬಗೆಹರಿದಿಲ್ಲ. ಮುಖ್ಯೋಪಾಧ್ಯಾಯರು ಒಂದು ಗಾಜು ತೆಗೆಸಿ ಎಕ್ಸಾಸ್ಟ್ ಫ್ಯಾನು ಕೂರಿಸಲು ಒಪ್ಪಿದ್ದಾರೆ. ಅಲ್ಲಿಯವರೆಗೆ ತರಗತಿಯ ನಡುವೆ ಎರಡೂ ಬಾಗಿಲು ತೆರೆದಿಟ್ಟು ಎಲ್ಲರೂ ಐದು ನಿಮಿಷ ಹೊರಗೆ ಹೋಗುತ್ತೇವೆ. ನನ್ನ ತರಗತಿಯಲ್ಲಿ ಗವಾಕ್ಷಿ ತೆರೆಯುವ ಕೋಲು ಬಾಗಿಲ ಹಿಂದೆ ಮೊಳೆಗೆ ತೂಗುತ್ತಿದೆ. ದಿನಕ್ಕೊಬ್ಬರ ಪಾಳಿ, ಹಲಗೆಯ ಮೂಲೆಯಲ್ಲಿ ಅಂಕಿ ಬರೆಯುವುದೂ ಅವರೇ.

ಆ ಹುಡುಗ ಈಗ ಹತ್ತನೇ ತರಗತಿಯಲ್ಲಿದ್ದಾನೆ. ಕಳೆದ ವಾರ ಕರೆದು ಡಬ್ಬಿ ತೋರಿಸಿ, ಅಂದು ನಿನ್ನನ್ನು ನಿಲ್ಲಿಸಿದ್ದು ತಪ್ಪು ಎಂದು ಹೇಳಿದೆ. ಅವನಿಗೆ ನಾಚಿಕೆಯಾಯಿತು, ಪರದೆಯನ್ನೇ ನೋಡುತ್ತ ನಿಂತ. ಆಮೇಲೆ, "ಟೀಚರ್, ಇದನ್ನು ಒಂದು ದಿನ ನಮ್ಮ ತರಗತಿಗೂ ಕೊಡುತ್ತೀರಾ?" ಎಂದು ಕೇಳಿದ. ಸೋಮವಾರ ಬಂದು ತೆಗೆದುಕೊಂಡು ಹೋಗು ಎಂದಿದ್ದೇನೆ.