ಮರಿಯ ಹಾಲುಹಲ್ಲು

ಈ ದಿನ ಬೆಳಿಗ್ಗೆ ಜಗುಲಿಯಲ್ಲಿ ಕುಳಿತು ಅಡಿಕೆ ಆರಿಸುತ್ತಿದ್ದಾಗ ನಮ್ಮ ಮನೆಯ ನಾಯಿಮರಿ ನನ್ನ ಮಣಿಕಟ್ಟನ್ನು ಕಚ್ಚಿ ಹಿಡಿಯಿತು. ರಕ್ತ ಬರಲಿಲ್ಲ, ಸಾಲಾಗಿ ನಾಲ್ಕು ಕೆಂಪು ಚುಕ್ಕೆಗಳು ಮೂಡಿದವು, ಅಷ್ಟೆ.

ನಮ್ಮ ತೀರ್ಥಹಳ್ಳಿ ಕಡೆ ಇದಕ್ಕೆ ಮೂತಿಗೊಂದು ಪೆಟ್ಟು ಕೊಡುವುದೇ ಮದ್ದು ಎನ್ನುವವರಿದ್ದಾರೆ. ನಾನು ಅದನ್ನು ಖಂಡಿತ ಒಪ್ಪಲಾರೆ. ಹೊಡೆಸಿಕೊಂಡ ಮರಿ ಕೈಯನ್ನು ಕಂಡರೇ ಹೆದರಲು ಕಲಿಯುತ್ತದೆ, ಹೆದರಿದ ನಾಯಿ ದೊಡ್ಡದಾದ ಮೇಲೆ ನಿಜವಾಗಿಯೂ ಕಚ್ಚಬಹುದು.

28 ಹಾಲುಹಲ್ಲುಗಳು ಉದುರಿ 42 ಶಾಶ್ವತ ಹಲ್ಲುಗಳು ಬರುವ ಈ ಕೆಲವು ತಿಂಗಳುಗಳಲ್ಲಿ ವಸಡಿನ ಕಿರಿಕಿರಿಗೆ ಅದು ಸಿಕ್ಕಿದ್ದನ್ನೆಲ್ಲ ಅಗಿಯುವುದು ಸಹಜ. ಒಡಹುಟ್ಟಿದ ಮರಿಗಳೊಂದಿಗೆ ಆಡುವಾಗ ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಎಂದು ಆಟವನ್ನೇ ಬಿಟ್ಟು ಹೋಗುತ್ತದೆ. ಎಷ್ಟು ಬಲವಾಗಿ ಹಿಡಿಯಬಹುದೆಂಬ ಅಳತೆ ಮರಿಗೆ ತಿಳಿಯುವುದು ಅಲ್ಲಿಯೇ. ಬೇಗನೆ ತಾಯಿಯಿಂದ ಬೇರ್ಪಟ್ಟ ಮರಿಗೆ ಆ ಅಳತೆಯನ್ನು ನಾವೇ ಕಲಿಸಬೇಕಾಗುತ್ತದೆ.

ಕೈ ಎಳೆದುಕೊಂಡರೆ ಅದಕ್ಕೆ ಅದೂ ಆಟವೇ ಆದ್ದರಿಂದ ನಾನು ಅಲ್ಲಾಡದೆ ಕುಳಿತೆ, ಹಿಡಿತ ಸಡಿಲವಾದೊಡನೆ ಮಾತಾಡದೆ ಎದ್ದು ಒಳಗೆ ಹೋದೆ. ತುಸು ಹೊತ್ತು ಬಿಟ್ಟು ಬಂದು, ಹಳೆಯ ಪಂಚೆಯ ತುಂಡಿಗೆ ಬಿಗಿಯಾದ ಗಂಟು ಹಾಕಿ, ತಣ್ಣೀರಿನಲ್ಲಿ ಅದ್ದಿ ಮುಂದಿಟ್ಟೆ. ಮುಂಗಾಲುಗಳಿಂದ ಅದನ್ನು ಒತ್ತಿ ಹಿಡಿದು, ಕಿವಿ ಹಿಂದಕ್ಕೆ ಮಡಿಸಿ, ಮರಿ ತನ್ಮಯವಾಗಿ ಅಗಿಯತೊಡಗಿತು.

ಮಕ್ಕಳಿರುವ ಮನೆಯವರಿಗೆ ಒಂದು ಮಾತು. ಬೆರಳು ಕೊಟ್ಟು ಆಡಿಸುವುದನ್ನು ಮನೆಮಂದಿಯೆಲ್ಲ ಒಟ್ಟಿಗೆ ನಿಲ್ಲಿಸಿ. ಸಾಕಿದ ಮರಿಯೇ ಆದರೂ ಹಲ್ಲು ತಾಗಿ ಚರ್ಮ ಒಡೆದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣಿರಿ.