ಐಪಿ ನಂಬರ್ ಇಲ್ಲದ ಹದಿನಾಲ್ಕು ಜನ

2018ರಲ್ಲಿ ನಾನು ಡೈ (ಅಚ್ಚು) ಇಟ್ಟು ತಗಡು ಒತ್ತುವ ಬೆಂಗಳೂರಿನ ಒಂದು ಪ್ರೆಸ್ ಶಾಪ್‌ನಲ್ಲಿ ಎಚ್‌ಆರ್ ನೋಡಿಕೊಳ್ಳುತ್ತಿದ್ದೆ. ಆ ವರ್ಷ ಕಂಪನಿಯವರು ದೂರದ ಒಂದು ತಾಲ್ಲೂಕಿನಲ್ಲಿ ಎರಡನೇ ಯುನಿಟ್ ತೆರೆದರು. ಐಪಿ ನಂಬರ್ ಕೊಟ್ಟು ನೌಕರರ ಚಿಕಿತ್ಸೆ, ಪರಿಹಾರ ನೋಡಿಕೊಳ್ಳುವ ಸರ್ಕಾರಿ ವಿಮೆ ಇಎಸ್‌ಐ ಅಲ್ಲಿಗೆ ಇನ್ನೂ ನೋಟಿಫೈ ಆಗಿರಲಿಲ್ಲ, ಅಂದರೆ ಜಾರಿಗೆ ಬಂದಿರಲಿಲ್ಲ. ಸುತ್ತಲಿನ ಹಳ್ಳಿಗಳ ಹದಿನಾಲ್ಕು ಜನ ಕೆಲಸಕ್ಕೆ ಸೇರಿದರು.

ಒಂದು ಮಧ್ಯಾಹ್ನ ಸೂಪರ್‌ವೈಸರ್ ಫೋನ್ ಬಂತು. "ಸಾರ್, ಹುಡುಗನ ಕೈ ಡೈ ಒಳಗೆ ಸಿಕ್ಬಿಡ್ತು. ಆಸ್ಪತ್ರೇಲಿದೀವಿ. ಐಪಿ ನಂಬರ್ ಕೇಳ್ತಿದಾರೆ, ಬೇಗ ಹೇಳಿ."

ಎಕ್ಸೆಲ್ ಶೀಟ್ ತೆಗೆದೆ. ಬೆಂಗಳೂರಿನವರ ಹೆಸರಿನ ಮುಂದೆಲ್ಲ ಹತ್ತಂಕಿಯ ನಂಬರ್. ಕೆಳಗಿನ ಹದಿನಾಲ್ಕು ಸಾಲು ಖಾಲಿ. ಖಾಲಿ ಬಿಟ್ಟಿದ್ದು ನಾನೇ. ಆದರೂ ಮೇಲೆ ಕೆಳಗೆ ಎರಡು ಸಲ ಹುಡುಕಿದೆ. ಅತ್ತ ಕಡೆ ಯಾರೋ ನರಳುವ ಸದ್ದು ಕೇಳುತ್ತಲೇ ಇತ್ತು. "ಸಾರ್, ಲೈನಲ್ಲಿದೀರಾ?"

"ನಂಬರ್ ಇಲ್ಲಪ್ಪ. ಅಡ್ಮಿಟ್ ಮಾಡ್ಸು, ದುಡ್ಡು ಕಳಿಸ್ತೀನಿ" ಅಂದೆ.

ಕೆಲಸದಲ್ಲಿ ಗಾಯವಾದರೆ ಕಂಪನಿಯ ಪರವಾಗಿ ಪರಿಹಾರ ಭರಿಸುವ ವಿಮೆ, ಡಬ್ಲ್ಯೂಸಿ ಪಾಲಿಸಿಯ ಕೊಟೇಶನ್ ಏಳು ವಾರದಿಂದ ನನ್ನ ಮೇಲ್‌ನಲ್ಲೇ ಇತ್ತು. "ಪ್ರೀಮಿಯಂ ಮುಂದಿನ ತಿಂಗಳು ನೋಡೋಣ" ಅಂತ ಅಕೌಂಟ್ಸ್‌ನವರು ಅಂದಿದ್ದರು, ನಾನೂ ಸುಮ್ಮನಾದೆ. ಇಎಸ್‌ಐ ಬರದ ಊರಲ್ಲಿ ಸದ್ಯಕ್ಕೆ ನಮಗೆ ಯಾವ ಹೊಣೆಯೂ ಇಲ್ಲ ಅಂದುಕೊಂಡಿದ್ದೆ. ಆದದ್ದು ತದ್ವಿರುದ್ಧ. ಇಎಸ್‌ಐ ಇಲ್ಲದ ಕಡೆ ಆಗ 1923ರ ನೌಕರರ ಪರಿಹಾರ ಕಾಯ್ದೆ ನೇರವಾಗಿ ಮಾಲೀಕನ ಮೇಲೇ ಬರುತ್ತಿತ್ತು. ಪಾಲಿಸಿ ಇರಲಿ ಬಿಡಲಿ, ಆಸ್ಪತ್ರೆ ಖರ್ಚೂ ಪರಿಹಾರವೂ ಕಂಪನಿಯೇ ಕೊಡಬೇಕಿತ್ತು. ಒಂದು ತಿಂಗಳೊಳಗೆ ಕೊಡದಿದ್ದರೆ 12% ಬಡ್ಡಿ, ಮೇಲೆ ಪರಿಹಾರದ ಅರ್ಧದವರೆಗೆ ದಂಡವೂ ಬೀಳಬಹುದಿತ್ತು.

ಸಂಜೆ ಮ್ಯಾನೇಜರ್ ಬ್ರೋಕರ್‌ಗೆ ಫೋನ್ ಮಾಡಿ, ಪಾಲಿಸಿಗೆ ಹಿಂದಿನ ದಿನದ ತಾರೀಕು ಹಾಕಲಾಗುತ್ತದಾ ಅಂತ ಕೇಳಿದರು. ಆತ ಖಡಾಖಂಡಿತವಾಗಿ ಆಗಲ್ಲ ಅಂದ. ಎದುರಿಗೇ ಕೂತಿದ್ದ ನಾನು ಬಾಯಿ ಬಿಡಲಿಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ತೋರುಬೆರಳು ಬುಡದವರೆಗೂ ಹೋಗಿತ್ತು. ಕಾಯ್ದೆಯ ಪಟ್ಟಿಯಲ್ಲಿ ಅದಕ್ಕೆ ದುಡಿಯುವ ಶಕ್ತಿಯ ನಷ್ಟ 14%. ಅವನಿಗೆ ಮೂವತ್ತು ವರ್ಷ, ಆ ವಯಸ್ಸಿಗೆ ಕಾಯ್ದೆ ಕೊಟ್ಟ ಫ್ಯಾಕ್ಟರ್ 207.98. ಸಂಬಳ 11,500 ಇದ್ದರೂ ಆಗ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು 8,000 ಮಾತ್ರ. ಅದರ 60% ಹಿಡಿದು ಆ ಫ್ಯಾಕ್ಟರ್‌ನಿಂದ ಗುಣಿಸಿ, ಬಂದದ್ದರ 14% ತೆಗೆದರೆ 1,39,763 ರೂಪಾಯಿ. ಗಾಯ ಮಾಗುವವರೆಗೆ ಕಾನೂನಿನ ಪ್ರಕಾರ ತಿಂಗಳಿಗೆ 4,000. ಇದೇ ಪೆಟ್ಟು ಬೆಂಗಳೂರಿನ ಶಾಪ್‌ನಲ್ಲಿ ಬಿದ್ದಿದ್ದರೆ ಇಎಸ್‌ಐನಿಂದ ಸಂಬಳದ 90% ಬರುತ್ತಿತ್ತು. ಅದೇ ಕಂಪನಿ, ಅದೇ ಮಾದರಿಯ ಪ್ರೆಸ್, ಬೇರೆ ತಾಲ್ಲೂಕು ಅಷ್ಟೇ. ರಜೆಯಷ್ಟು ದಿನವೂ ಪೂರ್ತಿ ಸಂಬಳ ಕೊಡಬೇಕು ಅಂತ ಹಟ ಹಿಡಿದು ಮೂರು ಸಲ ಮೇಲ್ ಹಾಕಿದೆ, ಕೊಟ್ಟರು. ಉಳಿದ ಹದಿಮೂರು ಜನರ ಪಾಲಿಸಿ ಆ ಶುಕ್ರವಾರವೇ ಕೈಸೇರಿತು.

ಚೆಕ್ಕಿಗೆ ಸಹಿ ಹಾಕಲು ಬಂದವನು ಎಡಗೈಯಲ್ಲಿ ಪೆನ್ನು ಹಿಡಿದು ನಿಧಾನಕ್ಕೆ ಹೆಸರು ಬರೆದ. ಆಮೇಲೆ ಕೇಳಿದ: "ಬೆಂಗಳೂರಿನವರಿಗೆಲ್ಲ ಕಾರ್ಡ್ ಐತಂತಲ್ಲ ಸಾರ್, ನಮಗ್ಯಾಕಿಲ್ಲ?"

ನೋಟಿಫಿಕೇಶನ್ನಿನ ಕತೆಯನ್ನೂ ಹೇಳಿದೆ, ಏಳು ವಾರದ ಕೊಟೇಶನ್ನಿನ ಕತೆಯನ್ನೂ ಹೇಳಿದೆ.