ನಾನು ರೌಂಡಾಗಿ ಒರೆಸಿಲ್ಲ

ಈ ವಾರ ಮೂರು ರಾತ್ರಿ ನಾನು ಕಾರಿನ ಬಾನೆಟ್ ಮೇಲೆ ಟಾರ್ಚ್ ಬಿಟ್ಟುಕೊಂಡು ನಿಂತಿದ್ದೇನೆ. ಪಕ್ಕದ ಮನೆಯವರು ಒಮ್ಮೆ ಕಿಟಕಿಯಿಂದ ಇಣುಕಿ, ಏನಾದ್ರೂ ಕಳೆದುಹೋಯ್ತಾ ಅಂತ ಕೇಳಿದರು. ಇಲ್ಲ ಅಂದೆ. ನಮ್ಮಪ್ಪ ಬಟ್ಟೆ ಆಡಿಸಿದ ಗುರುತು ಹುಡುಕ್ತಿದ್ದೀನಿ ಅಂತ ಹೇಳೋಕಾಗುತ್ತಾ?

ಶುರುವಾಗಿದ್ದು ಹಕ್ಕಿ ಹಿಕ್ಕೆಯಿಂದ. ಎರಡು ದಿನ ನಾವು ಯಾರೂ ಮನೆಯಲ್ಲಿರಲಿಲ್ಲ, ಕಾರು ಬಿಸಿಲಲ್ಲೇ ನಿಂತಿತ್ತು. ಬಂದು ತೊಳೆದೆ. ಹಿಕ್ಕೆ ಹೋಯಿತು, ಅದರ ಆಕಾರ ಹೋಗಲಿಲ್ಲ. ಕಪ್ಪು ಕಾರು ಬೇರೆ. ಕಪ್ಪು ತಗೋಬೇಡ ಅಂತ ಎಲ್ಲರೂ ಹೇಳಿದ್ದರು, ಹಠಕ್ಕೆ ತಗೊಂಡಿದ್ದೆ, ಈಗ ಹೇಳಿದವರೆಲ್ಲರ ಮುಖ ಕಣ್ಣ ಮುಂದೆ ಬಂತು. ಬಾನೆಟ್ ಮೇಲೆ ಮಸುಕಾದ ಒಂದು ಮಚ್ಚೆ, ಪಕ್ಕದಿಂದ ನೋಡಿದರೆ ಚರ್ಮ ಸುಕ್ಕಾದ ಹಾಗೆ. ಆಮೇಲೆ ಗೊತ್ತಾಯಿತು, ಹಿಕ್ಕೆಯಲ್ಲಿರುವ ಆಸಿಡ್ ಅಷ್ಟೇ ಅಲ್ಲ ಇದಕ್ಕೆ ಕಾರಣ. ಬಿಸಿಲಿಗೆ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿರುವ ಪಾರದರ್ಶಕ ಪದರ, ಸ್ವಲ್ಪ ಮೆತ್ತಗಾಗಿ ಹಿಗ್ಗುತ್ತದೆ, ತಣ್ಣಗಾದಾಗ ಒಣಗಿ ಕಲ್ಲಾದ ಹಿಕ್ಕೆಯ ಸುತ್ತ ಕುಗ್ಗುತ್ತದೆ, ಅಚ್ಚು ಹಾಗೇ ಕೂತುಬಿಡುತ್ತದೆ.

ಸರಿ, ಕಳೆದ ಭಾನುವಾರ ಡೀಟೇಲಿಂಗ್, ಅಂದರೆ ಕಾರಿನ ಮೈ ಉಜ್ಜಿ ಹೊಳಪು ಕೊಡುವ ಕೆಲಸ, ಮಾಡುವ ಒಂದು ಕಡೆ ಹೋದೆವು. ಅಪ್ಪ ಸುಮ್ನೆ ಜೊತೆಗೆ ಬಂದಿದ್ದರು. ಅಲ್ಲಿನ ಹುಡುಗ ಒಳ್ಳೆಯವನೇ, ಕೆಲಸ ಗೊತ್ತಿರೋನು. ಆದರೆ ಕಾರು ನನ್ನದು ಅಂತ ಹೇಳಿದ ಮೇಲೂ ಮೈಕ್ರಾನ್, ಪದರ, ವಾರಂಟಿ ಎಲ್ಲ "ನೋಡಿ ಸರ್" ಅಂತ ಅಪ್ಪನಿಗೇ ವಿವರಿಸುತ್ತಿದ್ದ. ತಪ್ಪು ತೋರಿಸುವಾಗ ಮಾತ್ರ "ನೋಡಿ ಮೇಡಂ" ಅಂತ ನನ್ನ ಕಡೆ ತಿರುಗುತ್ತಿದ್ದ. ಇದನ್ನು ನಾನು ಎಷ್ಟು ಕಡೆ ನೋಡಿದ್ದೀನೋ, ಬಿಡಿ.

ಹಿಕ್ಕೆಯ ಮಚ್ಚೆ ಆಳವಿಲ್ಲ, ಪಾಲಿಶ್‌ಗೆ ಹೋಗುತ್ತೆ ಅಂದ. ಪುಟ್ಟ ಮಷಿನ್ ತಂದು ಅಂಗೈ ಅಗಲದ ಜಾಗ ಉಜ್ಜಿದ. ಮಚ್ಚೆ ಹೋಯಿತು. ಅಲ್ಲಿಗೆ ನಮ್ಮ ಕೆಲಸ ಮುಗಿದಿತ್ತು, ನಾವು ಎದ್ದು ಬರಬೇಕಿತ್ತು. ಅಷ್ಟರಲ್ಲಿ ಅವನು ದೊಡ್ಡ ಎಲ್ಇಡಿ ಲೈಟು ಎಳೆದುಕೊಂಡು ಬಂದು ಬಾನೆಟ್ ಮೇಲೆ ಬಿಟ್ಟ.

ಉಜ್ಜಿದ ಜಾಗದಲ್ಲಿ ಬೆಳಕು ಒಂದೇ ಒಂದು ಚುಕ್ಕಿಯಾಗಿ ಕಾಣುತ್ತಿತ್ತು, ಬಾವಿಯೊಳಗೆ ಚಂದ್ರ ಕಂಡ ಹಾಗೆ. ಉಳಿದ ಬಾನೆಟ್ ಪೂರ್ತಿ ಸಣ್ಣ ಸಣ್ಣ ಗೀರು, ಜೇಡರ ಬಲೆ ಥರ ಸುತ್ತು ಸುತ್ತು. ಎಂಟು ತಿಂಗಳ ಕಾರು. ನನಗೆ ಮಾತೇ ಬರಲಿಲ್ಲ.

"ಯಾರೋ ದಿನಾ ಒಣಬಟ್ಟೆಯಲ್ಲಿ ರೌಂಡಾಗಿ ಒರೆಸ್ತಾರೆ ಮೇಡಂ. ಮೊದಲು ಅದನ್ನ ನಿಲ್ಲಿಸಿಬಿಡಿ."

ಆ ಯಾರೋ ಪಕ್ಕದಲ್ಲೇ ನಿಂತಿದ್ದರು. ಅಪ್ಪ ಎರಡೂ ಕೈಯನ್ನು ನಿಧಾನಕ್ಕೆ ಬೆನ್ನ ಹಿಂದೆ ಕಟ್ಟಿಕೊಂಡರು. ನಾನು ನೋಡಿದೆ. ನೋಡಿಯೂ "ಹೌದಾ?" ಅಂತ ಹುಡುಗನನ್ನೇ ಕೇಳಿದೆ. ಅದ್ಯಾಕೆ ಹಾಗೆ ಕೇಳಿದೆನೋ.

ಆಮೇಲಿನದೆಲ್ಲ ಮಾರುವ ಮಾತು. ಸೆರಾಮಿಕ್ ಕೋಟಿಂಗ್ ಹಾಕಿಸಿ ಅಂದ, ಬಣ್ಣ ಕಾಪಾಡೋಕೆ ಮೇಲೆ ಬಳಿಯುವ ತೆಳು ಪದರ ಅದು. ಅದನ್ನು ಹಾಕಿದ ಒಂದು ತಗಡಿನ ಮೇಲೆ ನೀರು ಚಿಮುಕಿಸಿದ. ನೀರು ಗುಂಡು ಗುಂಡಾಗಿ ಓಡಿ ಬಿತ್ತು. ಅದು ಮಾತ್ರ ಚೆಂದ ಇತ್ತು, ಸುಳ್ಳು ಹೇಳಲ್ಲ, ಇನ್ನೊಂದು ಸಲ ಹಾಕು ಅನ್ನಬೇಕು ಅನ್ನಿಸಿತು. ಮಾರ್ಕರಲ್ಲಿ ಗೀಚಿ ಒರೆಸಿ ತೋರಿಸಿದ. ಲೈಟರ್ ಹಚ್ಚಿ ತೋರಿಸಿದ, ನಮ್ಮ ಕಾರಿಗೆ ಲೈಟರ್ ಹಿಡಿಯೋರು ಯಾರಿದ್ದಾರೋ ಗೊತ್ತಿಲ್ಲ. "9ಎಚ್ ಸರ್, ವಜ್ರದ ಹತ್ತಿರ ಹತ್ತಿರ" ಅಂದ, ಅಪ್ಪನಿಗೆ.

"ಕಲ್ಲು ಸಿಡಿದರೆ?" ನಾನು ಕೇಳಿದೆ.

"ಕಲ್ಲಿಗೆ ಇದಲ್ಲ ಮೇಡಂ, ಅದಕ್ಕೆ ಪಿಪಿಎಫ್ ಅಂತ ಬಣ್ಣದ ಮೇಲೆ ಅಂಟಿಸೋ ಹಾಳೆ ಬರುತ್ತೆ, ಅದನ್ನ ಹಾಕಿಸಬೇಕು."

"ಬೀಗದ ಕೈ ತಾಗಿದರೆ?"

"ಅಷ್ಟು ದೊಡ್ಡದು ತಡೆಯಲ್ಲ. ಸಣ್ಣ ಗೀರು ತಡೆಯುತ್ತೆ."

"ಎಷ್ಟು ಸಣ್ಣ?"

ಸ್ವಲ್ಪ ಯೋಚನೆ ಮಾಡಿ, "ಕಣ್ಣಿಗೆ ಕಾಣದಷ್ಟು" ಅಂದ. ನನಗೆ ನಗು ಬಂತು, ಅವನಿಗೂ ಬಂತು. ಅಪ್ಪ ನಗಲಿಲ್ಲ.

ವಾಪಸ್ ಬರುವಾಗ ದಾರಿಯುದ್ದಕ್ಕೂ ಅಪ್ಪ ಕಿಟಕಿ ಆಚೆ ನೋಡುತ್ತಿದ್ದರು. ಮನೆ ಹತ್ತಿರ ಬಂದಾಗ ಒಂದೇ ಮಾತು ಹೇಳಿದರು.

"ನಾನು ಯಾವತ್ತೂ ರೌಂಡಾಗಿ ಒರೆಸಿಲ್ಲ. ಉದ್ದಕ್ಕೇ ಒರೆಸೋದು."

ಇದು ತಲೆಯಲ್ಲಿ ಕೂತುಬಿಟ್ಟಿದೆ. ಆಫೀಸಲ್ಲಿ ಕೂತಿದ್ದಾಗ, ಹಲ್ಲುಜ್ಜುವಾಗ, ಉದ್ದಕ್ಕೇ ಒರೆಸೋದು, ಉದ್ದಕ್ಕೇ ಒರೆಸೋದು. ಕೋಪ ಇದ್ದಿದ್ದರೆ ಪರವಾಗಿರಲಿಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆದೆ ಅಂತ ಮೇಷ್ಟ್ರು ಸುಮ್ಮಸುಮ್ಮನೆ ಅಂದಾಗ ಹುಡುಗರು ಹೇಳ್ತಾರಲ್ಲ, ಆ ದನಿ.

ಸೋಮವಾರದಿಂದ ಅಪ್ಪ ಕಾರು ಒರೆಸೋದು ಬಿಟ್ಟರು. ಯಾರೂ ಬಿಡಿ ಅಂದಿರಲಿಲ್ಲ, ನಾನಂತೂ ಅಂದಿರಲಿಲ್ಲ. ಆ ಹಳೇ ಬನಿಯನ್ ಬಟ್ಟೆ ಮಾತ್ರ ತಂತಿ ಮೇಲೆ ಮಡಚಿಕೊಂಡು ಹಾಗೇ ಇತ್ತು.

ನಾನು ಎಲ್ಲರ ಹಾಗೆ ರಾತ್ರಿ ಎಲ್ಲಾ ಕೂತು ಓದಿದೆ. ಹಾಕಿಸಬೇಕೋ ಬೇಡವೋ ಅನ್ನೋದು ಲೆಕ್ಕದ ಪ್ರಶ್ನೆ ಅಂದುಕೊಂಡಿದ್ದೆ, ಲೆಕ್ಕವನ್ನೂ ಹಾಕಿದೆ. ಕಾರಿನ ಬಣ್ಣ ಎಲ್ಲಾ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ (ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್). ಅದರಲ್ಲಿ ಮೇಲಿನ ಕ್ಲಿಯರ್ ಕೋಟ್ 40-50 ಇರಬಹುದು, ಅಂದರೆ ನಮ್ಮ ತಲೆಕೂದಲಿಗಿಂತ ತೆಳು. ಸೆರಾಮಿಕ್ ಕೋಟಿಂಗ್ ಅಂತ ಹಾಕುವುದು ಅದರ ಮೇಲೆ ಒಂದೆರಡು ಮೈಕ್ರಾನ್. ಪಿಪಿಎಫ್ ಅನ್ನೋದು ಬೇರೆಯೇ ಜಾತಿ, ಅದು ಪಾಲಿಯುರೆಥೇನ್ ಹಾಳೆ, 150-200 ಮೈಕ್ರಾನ್ ದಪ್ಪ, ಕಲ್ಲಿನ ಏಟು ತಡೆಯುವಷ್ಟು ದಪ್ಪ, ಸಣ್ಣ ಗೀರು ಬಿದ್ದರೆ ಬಿಸಿಲಿಗೆ ತಾನೇ ಕೂಡಿಕೊಳ್ಳುತ್ತದೆ. ನನ್ನ ಆಫೀಸಿನ ಗೆಳತಿ ಇಡೀ ಕಾರಿಗೆ ಅದನ್ನು ಹಾಕಿಸಿದ್ದಾಳೆ. ಹಾಕಿಸಿದ ಮೇಲೆ ನಿಶ್ಚಿಂತೆ ಅಂದಳು. ಆದರೆ ಈಗಲೂ ಎರಡು ಕಾರಿನ ಜಾಗದಲ್ಲಿ ನಡುವೆ ನಿಲ್ಲಿಸ್ತಾಳೆ, ಪಕ್ಕದವರ ಬಾಗಿಲು ತಾಗಬಾರದು ಅಂತ. ಮೊದಲು ಬಣ್ಣದ ಚಿಂತೆ ಇತ್ತು, ಈಗ ಹಾಳೆಯ ಚಿಂತೆ.

9ಎಚ್ ವಿಷಯ ಗೊತ್ತಾದಾಗ ಮಾತ್ರ ಜೋರಾಗಿ ನಕ್ಕೆ. ಅದು ಪೆನ್ಸಿಲ್ ನಂಬರಂತೆ! ಚಿತ್ರ ಬಿಡಿಸುವವರ ಡಬ್ಬಿಯಲ್ಲಿ 2ಬಿ, 4ಎಚ್ ಅಂತ ಇರುತ್ತಲ್ಲ, ಅದೇ ಸಾಲಿನಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಗಟ್ಟಿ ಪೆನ್ಸಿಲ್ 9ಎಚ್. ಅದನ್ನು ಓರೆಯಾಗಿ ಒತ್ತಿ ತಳ್ಳಿದಾಗ ಗೀರು ಬೀಳದಿದ್ದರೆ ಕೋಟಿಂಗ್ 9ಎಚ್. ಖನಿಜಗಳ ಗಟ್ಟಿತನ ಅಳೆಯುವ, ವಜ್ರಕ್ಕೆ 10 ಕೊಡುವ ಮೋಸ್ ಅಳತೆಯೇ ಬೇರೆ. ಪೆನ್ಸಿಲ್ ಕಡ್ಡಿ ಅಂದರೆ ಗ್ರಾಫೈಟು, ಜೇಡಿಮಣ್ಣು. ಕಾರಿನ ಮೇಲೆ ಕೂರುವ ದೂಳಲ್ಲಿ ಮರಳಿನ ಕಣ ಇರುತ್ತದೆ, ಅದು ಕ್ವಾರ್ಟ್ಜ್, ಮೋಸ್ ಅಳತೆಯಲ್ಲಿ 7. ಪೆನ್ಸಿಲ್ ಗೀಚಲಿಲ್ಲ ಅಂದ ಮಾತ್ರಕ್ಕೆ ಮರಳು ಬಿಡುತ್ತಾ?

ಹಾಗಂತ ಕೋಟಿಂಗ್ ಮೋಸ ಅಂತಲ್ಲ. ನೀರು, ಕೊಳೆ ಜಾಸ್ತಿ ಅಂಟಲ್ಲ, ತೊಳೆಯೋದು ಸುಲಭ, ಉಜ್ಜೋದು ಕಡಿಮೆ, ಅದರಿಂದಲೇ ಗೀರೂ ಕಡಿಮೆ. ಹಿಕ್ಕೆ ಬಿದ್ದರೆ ಒಂದಷ್ಟು ಹೊತ್ತು ತಡೆದುಕೊಳ್ಳುತ್ತದೆ, ಎರಡು ದಿನ ಬಿಸಿಲಲ್ಲಿ ಬಿಟ್ಟರೆ ಅದರ ಕೈಯಲ್ಲೂ ಆಗಲ್ಲ. ಗಡಸು ನೀರು ಮುತ್ತಿನ ಹಾಗೆ ನಿಂತು ಅಲ್ಲೇ ಒಣಗಿದರೆ ಬಿಳಿ ಕಲೆ ಕೋಟಿಂಗ್ ಮೇಲೂ ಬರುತ್ತದೆ.

ನನ್ನ ಲೆಕ್ಕ ಸಿಕ್ಕಿಹಾಕಿಕೊಂಡಿದ್ದು ಬೇರೆ ಕಡೆ. ಹಾಕುವ ಮೊದಲು ಇಡೀ ಕಾರಿಗೆ ಪಾಲಿಶ್ ಹೊಡೆಯಬೇಕಂತೆ. ಇಲ್ಲದಿದ್ದರೆ ಗೀರುಗಳು ಕೋಟಿಂಗ್ ಕೆಳಗೆ ಲಾಕ್ ಆಗಿಬಿಡುತ್ತವೆ ಅಂತ ಆ ಹುಡುಗ ಹೇಳಿದ್ದ. ಪಾಲಿಶ್ ಅಂದರೆ ಗೀರು ತುಂಬಿಸೋದು ಅಂತ ನಾನು ಇಷ್ಟು ದಿನ ತಿಳಿದಿದ್ದೆ. ಹಾಗಲ್ಲ, ಗೀರು ಎಷ್ಟು ಆಳ ಇದೆಯೋ ಅಲ್ಲಿವರೆಗೂ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸಿ ತೆಗೆಯೋದು. ಒಂದೆರಡು ಸಲ ನಡೆಯುತ್ತದೆ, ಜೀವಮಾನ ಪೂರ್ತಿ ನಡೆಯಲ್ಲ. ಅಂದರೆ ಮೊದಲು ಅಪ್ಪನ ಎಂಟು ತಿಂಗಳ ಬೆಳಗುಗಳನ್ನು ಮಷಿನ್ನಲ್ಲಿ ಸವೆಸಿ ತೆಗೆಯಬೇಕು. ಆಮೇಲೆ ಕೋಟಿಂಗ್. ಕೋಟಿಂಗ್ ಆದ ಮೇಲೆ ಮೊದಲನೇ ಷರತ್ತು ಏನು ಗೊತ್ತಾ? ಒಣಬಟ್ಟೆ ತಾಗಿಸಬಾರದು. ಅಪ್ಪ ಒರೆಸೋದು ನಿಲ್ಲಿಸಿದರೆ ಕೋಟಿಂಗ್ ಮಾಡುವ ಅರ್ಧ ಕೆಲಸ ಪುಕ್ಕಟೆ ಆಯಿತು. ನಿಲ್ಲಿಸದಿದ್ದರೆ ಕೋಟಿಂಗ್ ಮೇಲೂ ಗೀರು ಬೀಳುತ್ತದೆ. ಎರಡೂ ಕಡೆ ನೋಡಿದರೆ ಮಾತು ಬಂದು ನಿಲ್ಲೋದು ಅಪ್ಪನ ಕೈ ಹತ್ತಿರ.

ರಾತ್ರಿ ಟಾರ್ಚ್ ಹಿಡಿದು ನಿಂತಿದ್ದು ಅದಕ್ಕೇ. ಎಲ್ಲಿ ಬಿಟ್ಟರೂ ಸುತ್ತು. ಬಾನೆಟ್ಟಲ್ಲಿ ಸುತ್ತು, ಬಾಗಿಲಲ್ಲಿ ಸುತ್ತು, ಡಿಕ್ಕಿ ಮೇಲೂ ಸುತ್ತು. ಒಂದು ಇಂಚೂ ಬಿಟ್ಟಿಲ್ಲ ಅಪ್ಪ, ಅಂದುಕೊಂಡೆ. ಉದ್ದಕ್ಕೇ ಒರೆಸೋದು ಅಂತ ಅವರಿಗೆ ಅವರೇ ನಂಬಿಕೊಂಡಿದ್ದಾರೆ ಪಾಪ, ವಯಸ್ಸಾಯಿತು, ಕೈ ತಿರುಗುತ್ತೆ ಅಂತಲೂ ಅಂದುಕೊಂಡೆ. ಇದನ್ನು ಬರೆಯೋಕೆ ನಾಚಿಕೆ ಆಗುತ್ತದೆ.

ಗುರುವಾರ ಆಫೀಸಿಗೆ ಹೋಗುವಾಗ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಇಳಿದು ನೋಡಿದರೆ ಮುಂದಿನ ಎಡಗಡೆ ಟೈರಲ್ಲಿ ಅರ್ಧ ಗಾಳಿ, ಮೊಳೆ ಹೊಕ್ಕಿದೆ. ಪಂಕ್ಚರ್ ಹಾಕಿಸುತ್ತಾ ನಿಂತಾಗ ಹೊಳೆಯಿತು. ಎಂಟು ತಿಂಗಳಲ್ಲಿ ನಾನು ಒಂದು ದಿನವೂ ಟೈರ್ ನೋಡಿದವಳಲ್ಲ. ಬೆಳಗ್ಗೆ ಒಳಗೆ ಬಂದು ಬಟ್ಟೆ ಕೊಡವುತ್ತಾ ಅಪ್ಪ ಹೇಳುತ್ತಿದ್ದರು: ಹಿಂದಿನ ಟೈರ್ ಗಾಳಿ ನೋಡು, ವೈಪರ್ ರಬ್ಬರ್ ಬಿಟ್ಟಿದೆ, ಕೆಳಗೆ ಏನೋ ಎಣ್ಣೆ ತೊಟ್ಟಿಕ್ಕಿದೆ. ನಾನು ಫೋನ್ ನೋಡುತ್ತಾ ಹ್ಞೂಂ ಅನ್ನುತ್ತಿದ್ದೆ. ಅಪ್ಪನಿಗೆ ನನ್ನ ಜೊತೆ ಮಾತಾಡೋಕೆ ಬೇರೆ ವಿಷಯ ಜಾಸ್ತಿ ಇಲ್ಲ. ನನಗೂ ಇಲ್ಲ, ನಿಜ ಹೇಳಬೇಕಂದ್ರೆ.

ಶುಕ್ರವಾರ ಆ ಹುಡುಗ ಫೋನ್ ಮಾಡಿದ. "ಮೇಡಂ, ಸೋಮವಾರ ಸ್ಲಾಟ್ ಖಾಲಿ ಇದೆ, ಗಾಡಿ ಬಿಡ್ತೀರಾ?"

"ಸದ್ಯಕ್ಕೆ ಬೇಡಪ್ಪ."

"ಆ ಗೀರೆಲ್ಲಾ?"

"ಇರಲಿ."

ಅವನಿಗೆ ಅರ್ಥವಾಗಲಿಲ್ಲ, ಬೆಲೆ ಇಳಿಸ್ತೀನಿ ಅಂದ. ಬೇಜಾರು ಮಾಡಿಕೊಳ್ಳಬೇಡ ಅಂತ ಇಟ್ಟೆ.

ನಿನ್ನೆ ಎರಡು ಬಕೆಟ್ ತುಂಬಿಸಿಕೊಂಡು ಕಾರಿನ ಹತ್ತಿರ ಇಟ್ಟೆ. ಕೈಗವಸಿನ ಥರದ ಮೈಕ್ರೋಫೈಬರ್ ಒಂದು, ಶಾಂಪೂ, ಮೆತ್ತನೆ ಟವೆಲ್. ಅಪ್ಪ ದೂರದಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಓದುತ್ತಿರಲಿಲ್ಲ, ಪುಟ ತಿರುಗಲೇ ಇಲ್ಲ.

"ಎರಡು ಬಕೆಟ್ ಯಾಕೆ?"

"ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಗವಸು ಜಾಲಿಸೋಕೆ. ಕೊಳೆ ವಾಪಸ್ ಕಾರಿಗೆ ಹೋಗಬಾರದು ಅಂತ."

ಪೇಪರ್ ಮಡಚಿ ಎದ್ದು ಬಂದರು. ಗವಸು ಕೈಯಿಂದ ಇಸಕೊಂಡರು. ಮೊದಲು ಬರೀ ನೀರು ಹಾಯಿಸಿ ದೂಳು ಇಳಿಸಿ, ಮೇಲಿಂದ ಕೆಳಗೆ ಬನ್ನಿ ಅಂದೆ. ರೂಫು, ಗಾಜು, ಬಾನೆಟ್ಟು, ಕೊನೆಗೆ ಬಾಗಿಲ ಕೆಳಭಾಗ. ಉದ್ದಕ್ಕೇ ಎಳೆಯುತ್ತಿದ್ದರು, ಸ್ಕೇಲಿಟ್ಟು ಗೆರೆ ಎಳೆದ ಹಾಗೆ. ಎಲ್ಲಾ ಮುಗಿದ ಮೇಲೆ ಜಾಲಿಸಿದ ಬಕೆಟ್ಟಿನ ತಳಕ್ಕೆ ಕೈ ಹಾಕಿ ಒಂದು ಚಿಟಿಕೆ ಎತ್ತಿದರು. ಎರಡು ಬೆರಳ ನಡುವೆ ಉಜ್ಜಿ ನೋಡಿದರು. ಕರಕರ ಅನ್ನುವ ಸದ್ದು ನನಗೂ ಕೇಳಿಸಿತು.

"ಇದಾ?"

"ಇದೇ."

ಆ ಮರಳನ್ನು ಸುಮಾರು ಹೊತ್ತು ಉಜ್ಜುತ್ತಲೇ ಇದ್ದರು. ಆಮೇಲೆ ತಂತಿ ಮೇಲಿದ್ದ ಬನಿಯನ್ ತಗೊಂಡು ಕೈ ಒರೆಸಿಕೊಂಡರು, ಕಾರಿನ ಕಡೆ ತರಲಿಲ್ಲ.

ರಾತ್ರಿ ಊಟ ಆದ ಮೇಲೆ ನೋಡ್ತೀನಿ, ಟಾರ್ಚ್ ಇಡುವ ಜಾಗದಲ್ಲಿ ಟಾರ್ಚ್ ಇಲ್ಲ. ಹೊರಗೆ ಅಪ್ಪ ಬಾನೆಟ್ ಮೇಲೆ ಬಗ್ಗಿದ್ದರು.

"ಬಾ ಇಲ್ಲಿ" ಅಂದರು. ಟಾರ್ಚನ್ನು ಎಡಕ್ಕೆ ಸರಿಸಿದರು, ಸುತ್ತು ಎಡಕ್ಕೆ ಬಂತು. ಬಲಕ್ಕೆ ಸರಿಸಿದರು, ಬಲಕ್ಕೆ ಬಂತು. ಮೇಲೆತ್ತಿ ಆಡಿಸಿದರೆ ಜೇಡರ ಬಲೆ ಪೂರ್ತಿ ಬೆಳಕಿನ ಹಿಂದೆ ಹಿಂದೆಯೇ ಓಡಾಡಿತು. "ನಾನು ಒರೆಸಿದ ಸುತ್ತಾಗಿದ್ರೆ ಒಂದೇ ಕಡೆ ಇರಬೇಕಿತ್ತು ತಾನೇ? ಇದು ಟಾರ್ಚ್ ಹೋದ ಕಡೆ ಹೋಗುತ್ತೆ ಕಣೇ."

ಮೂರು ರಾತ್ರಿ ನೋಡಿದ ನನಗೆ ಇದು ಕಂಡಿರಲಿಲ್ಲ. ಅಲ್ಲೇ ಫೋನ್ ತೆಗೆದು ಹುಡುಕಿದೆ. ಅಪ್ಪ ಹೇಳಿದ್ದೇ ಸರಿ. ಗೀರುಗಳು ಎಲ್ಲಾ ದಿಕ್ಕಿಗೂ ಇರುತ್ತವೆ, ಹೆಚ್ಚಿನವು ಚಿಕ್ಕ ಚಿಕ್ಕವು, ನೆಟ್ಟಗೇ ಇರುತ್ತವೆ. ಬೆಳಕಿಗೆ ಅಡ್ಡ ಬಂದವು ಮಾತ್ರ ಮಿಂಚುತ್ತವೆ, ಬೆಳಕಿನ ಕಡೆಗೇ ಉದ್ದಕ್ಕೆ ಚಾಚಿದವು ಅಷ್ಟಾಗಿ ಕಾಣಲ್ಲ. ಅಡ್ಡ ಬಂದವೆಲ್ಲ ಸೇರಿ ಬೆಳಕಿನ ಸುತ್ತ ಉಂಗುರದ ಹಾಗೆ ತೋರುತ್ತವೆ. ಓದಿ ಹೇಳಿದೆ.

"ಆ ಹುಡುಗನಿಗೆ ಹೇಳು."

"ಹೇಳ್ತೀನಿ. ಆದ್ರೂ ಗೀರು ಇವೆಯಲ್ಲ ಅಪ್ಪಾ."

"ಇರಲಿ ಬಿಡು" ಅಂದರು, ಟಾರ್ಚ್ ಆರಿಸುತ್ತಾ. "ನೆಟ್ಟಗಿವೆ ತಾನೇ?"